ಬೆನ್ನು ನೋವೂ, ಅಪ್ಪನ ಆರಾಮ ಕುರ್ಚಿಯೂ

ರಾತ್ರಿ ಎರಡೂ ಮುಕ್ಕಾಲು. ಬೆಂಗಳೂರಿನ ನಮ್ಮ ಪುಟ್ಟ ಫ್ಲ್ಯಾಟಿನ ಹಾಲ್‌ನಲ್ಲಿ ನಾನೊಬ್ಬನೇ ಓಡಾಡ್ತಾ ಇದ್ದೆ. ಓಡಾಟ ಅಂದ್ರೆ ಎಂಥದ್ದು, ಗೋಡೆ ಹಿಡ್ಕೊಂಡು ಅಡುಗೆಮನೆ ಬಾಗಿಲಿಂದ ಬಾಲ್ಕನಿವರೆಗೆ, ಬಾಲ್ಕನಿಯಿಂದ ಮತ್ತೆ ಅಡುಗೆಮನೆಗೆ. ಮಲಗಿದ್ರೆ ಸೊಂಟದಿಂದ ಎಡಗಾಲಿನ ಹಿಮ್ಮಡಿವರೆಗೆ ಯಾರೋ ಕಾದ ತಂತಿ ಎಳೆದ ಹಾಗೆ. ಕೂತ್ರೆ ಹತ್ತು ನಿಮಿಷ, ನಿಂತ್ರೆ ಇಪ್ಪತ್ತು ನಿಮಿಷ. ಬೆಳಿಗ್ಗೆ ಒಂಬತ್ತೂವರೆಗೆ ಮೀಟಿಂಗ್. ಒಳಗೆ ಹೆಂಡತಿ, ಮೂರು ವರ್ಷದ ಮಗಳು ಸುಖವಾಗಿ ನಿದ್ದೆ ಮಾಡ್ತಿದ್ರು. ಅವರ ಉಸಿರಾಟದ ಸದ್ದು ಕೇಳಿದ್ರೆ ಹೊಟ್ಟೆಕಿಚ್ಚಾಗ್ತಿತ್ತು, ಸುಳ್ಳು ಯಾಕೆ ಹೇಳ್ಲಿ.

ಮೂವತ್ನಾಲ್ಕನೇ ವಯಸ್ಸಿಗೇ ಇದೆಲ್ಲ ಬರುತ್ತಾ ಅಂತ ಕೇಳಬೇಡಿ. ಬರುತ್ತೆ. ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂರೋನು, ಒಂದು ಭಾನುವಾರ ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಒಂದೇ ಏಟಿಗೆ ಎತ್ತಿ ಡಿಸ್ಪೆನ್ಸರ್ ಮೇಲೆ ಕೂರಿಸೋಕೆ ಹೋದ್ರೆ ಖಂಡಿತ ಬರುತ್ತೆ. 'ಕಳಕ್' ಅಂದಿದ್ದು ಕ್ಯಾನ್ ಅಂದುಕೊಂಡಿದ್ದೆ. ನಾನಾಗಿದ್ದೆ.

ಎಂಆರ್‌ಐ ಮಾಡಿಸಿದ್ವಿ. ಬೆನ್ನುಮೂಳೆಯ ಕಟ್ಟಕಡೆಯಲ್ಲಿ, ಎಲ್‌5–ಎಸ್‌1 ಅಂತಾರಲ್ಲ, ಅಲ್ಲಿನ ಡಿಸ್ಕ್ ಹೊರಗೆ ಉಬ್ಬಿ ಕಾಲಿಗೆ ಹೋಗೋ ನರವನ್ನು ಒತ್ತುತ್ತಿದೆ ಅಂದ್ರು ಡಾಕ್ಟರು. ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದ್ರು: "ಗಾಬರಿ ಆಗ್ಬೇಡಿ. ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ ಆರರಿಂದ ಹನ್ನೆರಡು ವಾರದಲ್ಲಿ ಇದು ತಗ್ಗುತ್ತೆ. ಹಾಗಂತ ಹಾಸಿಗೆ ಹಿಡಿದು ಬಿದ್ಕೋಬೇಡಿ. ಆದಷ್ಟು ಓಡಾಡಿ." ಆಮೇಲೆ ದನಿ ಸ್ವಲ್ಪ ಗಟ್ಟಿ ಮಾಡಿ ಇನ್ನೊಂದು ಮಾತು ಹೇಳಿದ್ರು. ಅದನ್ನ ನಿಮಗೂ ಹೇಳ್ಲೇಬೇಕು. ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದ್ರೆ, ತೊಡೆಸಂದು–ಕುಂಡೆಯ ಭಾಗ ಮರಗಟ್ಟಿದ್ರೆ, ಕಾಲಿನ ಬಲ ಕಮ್ಮಿಯಾಗ್ತಾ ಹೋದ್ರೆ ನಾಳೆ ನೋಡೋಣ ಅನ್ನಬಾರದು. ಅದೇ ಗಳಿಗೆ ಆಸ್ಪತ್ರೆಗೆ ಓಡಬೇಕು.

ನನಗೆ ಅದ್ಯಾವುದೂ ಇರಲಿಲ್ಲ. ಇಲ್ಲದೇ ಇದ್ದಿದ್ದು ನಿದ್ದೆ ಒಂದೇ.

ಸಿಲ್ಕ್ ಬೋರ್ಡಿನಲ್ಲಿ ಸಿಕ್ಕ ನಿದ್ದೆ

ಬೆನ್ನು ನೋವು ಅಂದ ತಕ್ಷಣ ನೆಂಟರಿಷ್ಟರೆಲ್ಲ ಡಾಕ್ಟರಾಗ್ತಾರೆ. ಅತ್ತೆ ನೆಲದ ಮೇಲೆ ಚಾಪೆ ಹಾಸ್ಕೊಂಡು ಮಲಗು ಅಂದ್ರು. ಮಲಗಿದೆ. ಬೆಳಿಗ್ಗೆ ನನ್ನನ್ನ ಎಬ್ಬಿಸೋಕೆ ಇಬ್ಬರು ಬೇಕಾಯ್ತು. ಆಫೀಸಿನ ಗೆಳೆಯ ಮೂವತ್ತು ಸಾವಿರದ ಹಾಸಿಗೆಯ ಲಿಂಕ್ ಕಳಿಸಿದ. ಪಕ್ಕದ ಮನೆ ಆಂಟಿ ಮಹಾನಾರಾಯಣ ತೈಲದ ಬಾಟಲಿ ಕೊಟ್ರು. ಎಣ್ಣೆಯಿಂದ ನೋವು ಹೋಗ್ಲಿಲ್ಲ, ಬೆಡ್‌ಶೀಟ್ ಮಾತ್ರ ಹೋಯ್ತು.

ಉಪಾಯ ಸಿಕ್ಕಿದ್ದು ಯಾರೂ ಹೇಳದ ಜಾಗದಲ್ಲಿ. ಆಸ್ಪತ್ರೆಯಿಂದ ಕ್ಯಾಬ್‌ನಲ್ಲಿ ಬರ್ತಾ ಇದ್ವಿ. ನೇರ ಕೂರೋಕೆ ಆಗದೆ ಮುಂದಿನ ಸೀಟನ್ನ ಪೂರ್ತಿ ಹಿಂದಕ್ಕೆ ಒರಗಿಸಿಕೊಂಡೆ. ಹೆಂಡತಿ ತನ್ನ ಬ್ಯಾಗನ್ನ ನನ್ನ ಮೊಣಕಾಲಿನ ಕೆಳಗೆ ತುರುಕಿದ್ಲು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಗಾಡಿ ನಿಂತಿತು. ಎಲ್ಲರೂ ಬೈಯೋ ಆ ಟ್ರಾಫಿಕ್‌ನಲ್ಲಿ ನಾನು ಹದಿನೈದು ದಿನದಲ್ಲಿ ಮೊದಲ ಸಲ ನಲವತ್ತು ನಿಮಿಷ ಗೊರಕೆ ಹೊಡೆದೆನಂತೆ. ಡ್ರೈವರ್, "ಸಾರ್‌ನ ಎಬ್ಬಿಸೋದು ಬೇಡ ಮೇಡಂ, ಇನ್ನೊಂದು ರೌಂಡ್ ಹೋಗೋಣ್ವಾ?" ಅಂದನಂತೆ.

ಅವತ್ತು ರಾತ್ರಿಯೇ ಹೆಂಡತಿ ಅಂದ್ಲು, "ರೀ, ನಿಮಗೆ ಬೇಕಾಗಿರೋದು ಹಾಸಿಗೆ ಅಲ್ಲ. ಒರಗೋ ಕುರ್ಚಿ. ರಿಕ್ಲೈನರ್."

ಒರಗಿದ್ರೆ ಯಾಕೆ ಹಿತ ಅಂತ ಹುಡುಕೋಕೆ ನನಗೆ ಇಡೀ ರಾತ್ರಿ ಪುರುಸೊತ್ತಿತ್ತಲ್ಲ. ಆಲ್ಫ್ ನಾಕೆಮ್ಸನ್ ಅನ್ನೋ ಸ್ವೀಡನ್ನಿನ ಮೂಳೆ ವೈದ್ಯರು 1960ರ ದಶಕದಲ್ಲಿ ಜನರ ಬೆನ್ನಿನ ಡಿಸ್ಕ್‌ಗೇ ಸೂಜಿ ಹಾಕಿ ಒತ್ತಡ ಅಳೆದಿದ್ರು. ನಿಂತಾಗಿನ ಒತ್ತಡ 100 ಅಂತಿಟ್ಟುಕೊಂಡ್ರೆ, ಅಂಗಾತ ಮಲಗಿದಾಗ ಸುಮಾರು 25. ಆಧಾರ ಇಲ್ಲದೆ ನೆಟ್ಟಗೆ ಕೂತ್ರೆ 140. ಮುಂದಕ್ಕೆ ಬಗ್ಗಿ ಕೂತ್ರೆ 185. ಅಂದ್ರೆ ನಾನು ಆಫೀಸಿನಲ್ಲಿ ಕೂರೋ ಭಂಗಿ! ಆಮೇಲಿನ ಅಧ್ಯಯನಗಳಲ್ಲಿ ಈ ಅಂಕಿಗಳು ಒಂದಿಷ್ಟು ಬದಲಾಗಿವೆ. ಆದರೆ ಬೆನ್ನಿಗೆ ಆಧಾರ ಕೊಟ್ಟು ಹಿಂದಕ್ಕೆ ಒರಗಿದ್ರೆ ಒತ್ತಡ ಇಳಿಯುತ್ತೆ ಅನ್ನೋದು ಹಾಗೇ ಉಳಿದಿದೆ. 2006ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 22 ಆರೋಗ್ಯವಂತರನ್ನ ಬೇರೆ ಬೇರೆ ಭಂಗಿಯಲ್ಲಿ ಕೂರಿಸಿ ಎಂಆರ್‌ಐ ಮಾಡಿದ್ರು. 90 ಡಿಗ್ರಿಯಲ್ಲಿ ನೆಟ್ಟಗೆ ಕೂರೋದಕ್ಕಿಂತ 135 ಡಿಗ್ರಿಯಲ್ಲಿ ಒರಗಿ ಕೂತಾಗ ಬೆನ್ನಿಗೆ ಹೊರೆ ಕಮ್ಮಿ ಅಂತ ಕಂಡಿತು. ಅದು ಕೂರೋದರ ಲೆಕ್ಕ, ಮಲಗೋದರದ್ದಲ್ಲ. ಆದ್ರೂ ನನ್ನ ಕ್ಯಾಬ್ ನಿದ್ದೆಗೆ ಒಂದು ಸಮರ್ಥನೆ ಸಿಕ್ಕ ಹಾಗಾಯ್ತು.

ಅಂಗಾತ ಮಲಗಿದ್ರೆ ಒತ್ತಡ ಎಲ್ಲಕ್ಕಿಂತ ಕಮ್ಮಿ ಅಂದ್ಮೇಲೆ ನನಗ್ಯಾಕೆ ಹಾಸಿಗೆಯಲ್ಲಿ ಉರಿ? ಇದನ್ನ ಫಿಸಿಯೋಥೆರಪಿ ಮೇಡಂ ಆಮೇಲೆ ಬಿಡಿಸಿ ಹೇಳಿದ್ರು. ಕಾಲು ನೀಳವಾಗಿ ಚಾಚಿದಾಗ ತೊಡೆಯನ್ನ ಸೊಂಟಕ್ಕೆ ಜೋಡಿಸೋ ಸ್ನಾಯು ಬಿಗಿದು, ಕೆಳಬೆನ್ನನ್ನ ಬಿಲ್ಲಿನ ಹಾಗೆ ಎಳೆಯುತ್ತಂತೆ. ಕೂತು ಕೂತು ಅದು ಮೊದಲೇ ಗಿಡ್ಡ ಆಗಿರುತ್ತೆ. ಮೊಣಕಾಲು ಮಡಿಸಿ ಮೇಲೆತ್ತಿದ್ರೆ ಆ ಎಳೆತ ಸಡಿಲ. ಹೆಂಡತಿ ತುರುಕಿದ ಬ್ಯಾಗು ಮಾಡಿದ್ದು ಅದೇ ಕೆಲಸ.

ಮೊದಲ ಕುರ್ಚಿ, ಮೊದಲ ಪೆಟ್ಟು

ನೋವಿನಲ್ಲಿರೋ ಮನುಷ್ಯ ಶಾಪಿಂಗ್ ಮಾಡಬಾರದು. ನಾನು ರಾತ್ರಿ ಮೂರು ಗಂಟೆಗೆ, ಫೋನಿನಲ್ಲಿ, ಫೋಟೊ ನೋಡಿ, ಡಿಸ್ಕೌಂಟ್ ನೋಡಿ ಆರ್ಡರ್ ಮಾಡಿದೆ. ನಾಲ್ಕು ದಿನಕ್ಕೆ ಕಂದು ಬಣ್ಣದ ಆನೆಮರಿಯಂಥ ಕುರ್ಚಿ ಬಂತು. ಮೊದಲನೇ ಪೇಚಾಟ, ಅದು ಬಾಗಿಲಲ್ಲಿ ತೂರಲಿಲ್ಲ. ಒರಗನ್ನ ಬಿಚ್ಚಬಹುದು ಅಂತ ತಂದ ಹುಡುಗರಿಗೂ ಗೊತ್ತಿರಲಿಲ್ಲ. ಅರ್ಧ ಗಂಟೆ ಲಿಫ್ಟ್ ಮುಂದೆ ಅದರ ಜೊತೆ ಕುಸ್ತಿ. ಕೊನೆಗೆ ವಾಚ್‌ಮನ್ ಅಂಕಲ್ ಬಂದು ಎರಡು ಲಾಕ್ ಎಳೆದು ಒರಗನ್ನ ಮೇಲಕ್ಕೆತ್ತಿದ್ರು. ಕುರ್ಚಿ ಎರಡು ತುಂಡಾಗಿ ಮರ್ಯಾದೆಯಿಂದ ಒಳಗೆ ಬಂತು.

ಎರಡನೇ ಪೇಚಾಟ ಕೂತ್ಮೇಲೆ. ನಾನು ಐದಡಿ ಐದಿಂಚು. ಅದರ ಸೀಟು ಆರಡಿ ಆಳಿಗೆ ಮಾಡಿದ್ದು. ಬೆನ್ನು ಒರಗಿಸಿದ್ರೆ ಕಾಲು ನೆಲಕ್ಕೆ ತಾಗಲ್ಲ. ಕಾಲು ನೆಲಕ್ಕಿಟ್ರೆ ಬೆನ್ನಿನ ಹಿಂದೆ ಖಾಲಿ. ಮೆತ್ತಗೆ ಅಂದ್ರೆ ಮೆತ್ತಗೆ, ಕೂತ್ರೆ ಸೊಂಟ ಬಾವಿಗಿಳಿದ ಕೊಡದ ಹಾಗೆ ಒಳಗೆ ಹೋಗ್ತಿತ್ತು. ತಲೆದಿಂಬಿನ ಭಾಗ ಗದ್ದವನ್ನ ಎದೆಗೆ ಒತ್ತುತ್ತಿತ್ತು. ಬೆಳಿಗ್ಗೆ ಏಳುವಾಗ ಸೊಂಟ ನೋವಿನ ಜೊತೆಗೆ ಕುತ್ತಿಗೆ ನೋವು ಉಚಿತ. ವಾಪಸ್ ಕಳಿಸೋಕೆ ಹನ್ನೊಂದು ಫೋನ್ ಕಾಲ್, ಕೈಬಿಟ್ಟ ಹಣ ಎರಡು ಸಾವಿರದ ಇನ್ನೂರು.

ಆ ವಾರ ಇನ್ನೊಂದು ನಡೆಯಿತು. ಆಫೀಸಿನಿಂದ ಬಂದು ಬಾಗಿಲು ತೆಗೆದೆ. ಪುಟ್ಟಿ ದಿನಾ ಮಾಡೋ ಹಾಗೆ ಓಡಿ ಬಂದು ಎರಡೂ ಕೈ ಮೇಲೆತ್ತಿ, "ಅಪ್ಪಾ, ಎತ್ಕೋ" ಅಂದ್ಲು. ನಾನು ಗೋಡೆಗೆ ಒರಗಿ ನಿಂತು, "ಆಮೇಲೆ ಪುಟ್ಟಿ" ಅಂದೆ. ಮಾರನೇ ದಿನವೂ ಅದೇ. ಮೂರನೇ ದಿನ ಅವಳು ಓಡಿ ಬರಲಿಲ್ಲ. ಕೂತಲ್ಲಿಂದಲೇ ಒಮ್ಮೆ ನೋಡಿ ಬಣ್ಣ ಹಚ್ಚೋದನ್ನ ಮುಂದುವರಿಸಿದ್ಲು.

ಆ ನೋಟ ನನಗೆ ಗೊತ್ತಿತ್ತು. ನನ್ನ ಅಪ್ಪನನ್ನ ನಾನು ಹಾಗೇ ನೋಡ್ತಿದ್ದೆ.

ಮೂರು ಕಚ್ಚಿನ ಸಿಂಹಾಸನ

ನಮ್ಮೂರು ಹೊಸನಗರದ ಹತ್ತಿರ ಒಂದು ಹಳ್ಳಿ. ಅಪ್ಪ ಖಾಸಗಿ ಬಸ್ಸಿನ ಡ್ರೈವರ್. ಇಪ್ಪತ್ತೇಳು ವರ್ಷ ಶಿವಮೊಗ್ಗ–ಕುಂದಾಪುರ ರೂಟ್. ದಿನಾ ಬಾಳೆಬರೆ ಘಾಟಿ ಇಳಿದು ಹತ್ತೋ ಕೆಲಸ. ಮಳೆಗಾಲದಲ್ಲಿ ಆ ರಸ್ತೆ ನೋಡಿದವರಿಗೆ ಗೊತ್ತು, ಗುಂಡಿ ಯಾವುದು ರಸ್ತೆ ಯಾವುದು ತಿಳಿಯಲ್ಲ. ಆಗಿನ ಬಸ್ಸುಗಳಲ್ಲಿ ಡ್ರೈವರ್ ಪಕ್ಕದಲ್ಲೇ ಇಂಜಿನ್. ಸೀಟು ಅಂದ್ರೆ ತೆಳ್ಳನೆ ರೆಕ್ಸಿನ್ ಹೊದಿಸಿದ ಹಲಗೆ.

ರಾತ್ರಿ ಮನೆಗೆ ಬಂದ್ರೆ ಅಪ್ಪ ನಮ್ಮ ಜೊತೆ ನೆಲದ ಮೇಲೆ ಊಟಕ್ಕೆ ಕೂರ್ತಿರಲಿಲ್ಲ. ಜಗಲಿಯಲ್ಲಿ ಒಂದು ಆರಾಮ ಕುರ್ಚಿ ಇತ್ತು. ಮಡಿಸೋ ಮರದ ಚೌಕಟ್ಟು, ನೀಲಿ–ಬಿಳಿ ಪಟ್ಟೆಯ ಕ್ಯಾನ್ವಾಸ್ ಬಟ್ಟೆ, ಹಿಂದೆ ಕೋಲು ಸಿಕ್ಕಿಸೋಕೆ ಮೂರು ಕಚ್ಚು. ಯಾವ ಕಚ್ಚಿಗೆ ಸಿಕ್ಕಿಸ್ತೀರೋ ಅಷ್ಟು ಒರಗುತ್ತೆ. ಅಪ್ಪ ಊಟ ಅದರಲ್ಲೇ, ಪೇಪರ್ ಓದೋದು ಅದರಲ್ಲೇ, ಕಾಲನ್ನ ಒಂದು ಮಣೆ ಮೇಲಿಟ್ಟು ನಿದ್ದೆ ಮಾಡೋದೂ ಅದರಲ್ಲೇ. ನಾವು ಮಕ್ಕಳು ಅದನ್ನ 'ಸಿಂಹಾಸನ' ಅಂತಿದ್ವಿ. ಪ್ರೀತಿಯಿಂದಲ್ಲ. ಬೇರೆ ಮಕ್ಕಳ ಅಪ್ಪಂದಿರು ಜಾತ್ರೆಯಲ್ಲಿ ಹೆಗಲ ಮೇಲೆ ಹೊತ್ತು ತೇರು ತೋರಿಸ್ತಿದ್ರು. ನಮ್ಮಪ್ಪ ನನ್ನನ್ನ ಎತ್ತಿಕೊಂಡ ನೆನಪೇ ಇಲ್ಲ. ಇವರಿಗೆ ಗತ್ತು, ಮನೆಗೆ ಬಂದ್ರೂ ಡ್ರೈವರ್ ಸೀಟ್ ಬಿಟ್ಟಿಳಿಯಲ್ಲ ಅಂತ ನಾನು ಹೈಸ್ಕೂಲಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ಕೆಲಸ ಸಿಕ್ಕ ಮೇಲೆ ಮೊದಲು ಮಾಡಿದ್ದೇನು ಗೊತ್ತಾ? ಊರ ಮನೆಗೆ ಸೋಫಾ ಸೆಟ್ ಕೊಡಿಸಿದೆ. ಬಟ್ಟೆ ಮಾಸಿದ ಆ ಕುರ್ಚಿ ಸೋಫಾ ಪಕ್ಕ ಅಸಹ್ಯ ಕಾಣುತ್ತೆ ಅಂತ ಕೈಯಾರೆ ಮಡಿಸಿ ಅಟ್ಟಕ್ಕೆ ಹಾಕಿದೆ. ಅಪ್ಪ ಏನೂ ಅನ್ನಲಿಲ್ಲ. "ಒಳ್ಳೇದಾಯ್ತು ಬಿಡು" ಅಂದ್ರು, ಅಷ್ಟೇ.

ಪುಟ್ಟಿ ಓಡಿ ಬರದ ಆ ಸಂಜೆ ಊರಿಗೆ ಫೋನ್ ಮಾಡಿದೆ. ಅಮ್ಮ ತೆಗೆದಳು.

"ಅಮ್ಮಾ, ಅಪ್ಪಂಗೆ ಬೆನ್ನು ನೋವಿತ್ತಾ?"

"ಇತ್ತಾ ಅಂದ್ರೆ? ನೀನು ಹುಟ್ಟೋಕೆ ಮುಂಚಿಂದ ಇದೆ. ಒಂದೊಂದು ರಾತ್ರಿ ಕಣ್ಣಲ್ಲಿ ನೀರು ಬರೋದು ಮಾರಾಯಾ. ಮಕ್ಕಳ ಮುಂದೆ ಹೇಳ್ಬೇಡ ಅಂತಿದ್ರು. ಸೊಂಟ ಹೋಗಿದೆ ಅಂತ ಓನರ್ ಕಿವಿಗೆ ಬಿದ್ರೆ ಗಾಡಿ ಬೇರೆಯವರ ಕೈಗೆ ಹೋಗುತ್ತೆ ಅಂತ ಹೆದರಿಕೆ."

"ಮತ್ತೆ ಈಗ? ಈಗ ಎಲ್ಲಿ ಮಲಗ್ತಾರೆ?"

"ಅದೇ ಕುರ್ಚೀಲಿ."

"ಯಾವ ಕುರ್ಚಿ? ನಾನು ಅಟ್ಟಕ್ಕೆ ಹಾಕಿದ್ದೆ ಅಲ್ವಾ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ಸಣ್ಣ ದನಿಯಲ್ಲಿ, "ನೀನು ಹೋದ ಮಾರನೇ ದಿನವೇ ಇಳಿಸಿದ್ವಿ. ನೀನು ಬರೋ ಹಿಂದಿನ ದಿನ ಪಕ್ಕದ್ಮನೆ ಹುಡುಗನ ಕೈಲಿ ಮೇಲೆ ಹಾಕಿಸ್ತೀವಿ. ನೀನು ಅಷ್ಟು ಆಸೆಪಟ್ಟು ಸೋಫಾ ತಂದಿದೀಯಲ್ಲ, ಬೇಜಾರು ಮಾಡ್ಕೋತೀಯ ಅಂತ..." ಅಂದಳು.

ಒಂಬತ್ತು ವರ್ಷ. ವರ್ಷಕ್ಕೆ ಮೂರು ನಾಲ್ಕು ಸಲ ನಾನು ಊರಿಗೆ ಹೋಗ್ತೀನಿ. ಹೋದಾಗೆಲ್ಲ ಎರಡು ಮೂರು ರಾತ್ರಿ. ಆ ಎಲ್ಲ ರಾತ್ರಿ ಅಪ್ಪ ನನ್ನ ಸಂತೋಷಕ್ಕಾಗಿ ನಿದ್ದೆಗೆಟ್ಟಿದ್ರು. ಬೆಳಿಗ್ಗೆ ಐದಕ್ಕೇ ಎದ್ದು ಅಂಗಳದಲ್ಲಿ ಓಡಾಡ್ತಿದ್ರೆ, "ಅಪ್ಪಂಗೆ ವಯಸ್ಸಾಯ್ತು, ನಿದ್ದೆ ಬರಲ್ಲ" ಅಂತ ನಾನು ಹೆಂಡತಿಗೆ ಹೇಳ್ತಿದ್ದೆ.

ಎರಡನೇ ಸಲ, ಬುದ್ಧಿ ಬಂದ ಮೇಲೆ

ಈಗ ಕುರ್ಚಿ ಆರಿಸೋದನ್ನ ಗಂಭೀರವಾಗಿ ತಗೊಂಡೆ. ಫಿಸಿಯೋ ಮೇಡಂ ಹತ್ರ ಹೋಗಿ ಕೇಳಿದೆ. ಅವರು ಮೊದಲು ಹೇಳಿದ್ದು, "ರಿಕ್ಲೈನರ್ ಔಷಧಿ ಅಲ್ಲ. ನೋವು ಹೆಚ್ಚಿರೋ ವಾರಗಳನ್ನ ದಾಟೋಕೆ ಒಂದು ಊರುಗೋಲು. ಎಲ್ಲರಿಗೂ ಆಗಿಬರಲ್ಲ. ಕೆಲವು ಡಿಸ್ಕ್ ತೊಂದರೆಯವರಿಗೆ ಸೊಂಟ ಮಡಿಸಿದ್ರೆ ನೋವು ಜಾಸ್ತಿಯಾಗುತ್ತೆ. ನಿಮ್ಮ ಮೈ ಏನು ಹೇಳುತ್ತೆ ಕೇಳಿ." ಆಮೇಲೆ ಏನೇನು ನೋಡ್ಬೇಕು ಅಂತ ಒಂದು ಚೀಟಿ ಬರೆದುಕೊಟ್ರು. ಆ ಚೀಟಿ, ಜೊತೆಗೆ ನಾನು ಪೆಟ್ಟು ತಿಂದು ಕಲಿತಿದ್ದು, ಎರಡನ್ನೂ ಸೇರಿಸಿ ಹೇಳ್ತೀನಿ. ಸ್ಕ್ರೀನ್‌ಶಾಟ್ ತಗೊಳ್ಳೋರು ತಗೊಳ್ಳಿ.

ಸೀಟಿನ ಆಳ: ಬೆನ್ನು ಪೂರ್ತಿ ಒರಗಿಸಿ ಕೂತಾಗ ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು. ಇದೊಂದು ತಪ್ಪಿದ್ರೆ ಬೇರೆ ಯಾವುದು ಸರಿಯಿದ್ರೂ ಉಪಯೋಗವಿಲ್ಲ.

ಎತ್ತರ: ಪಾದ ಎರಡೂ ನೆಲಕ್ಕೆ ಪೂರ್ತಿ ಊರಬೇಕು. ಏಳುವಾಗ ಕೈ ಊರೋಕೆ ತೋಳು ಗಟ್ಟಿ ಇರಬೇಕು.

ಸೊಂಟದ ಆಧಾರ: ಬೆಲ್ಟ್ ಕಟ್ಟೋ ಜಾಗದ ಹಿಂದೆ ಮೆತ್ತೆ ಸ್ವಲ್ಪ ಉಬ್ಬಿರಬೇಕು. ಒರಗಿದ ಮೇಲೂ ಅದು ಅಲ್ಲೇ ಇರಬೇಕು, ಮೇಲಕ್ಕೆ ಜಾರಬಾರದು. ಇಲ್ಲದಿದ್ರೆ ಒಂದು ಟವೆಲ್ ಸುರುಳಿ ಸುತ್ತಿ ಇಟ್ಕೊಂಡ್ರೂ ಆಗುತ್ತೆ.

ಕಾಲಿನ ಹಲಗೆ: ಮೀನಖಂಡದಿಂದ ಹಿಮ್ಮಡಿವರೆಗೆ ಆಧಾರ ಸಿಗಬೇಕು. ಕೆಲವದರಲ್ಲಿ ಸೀಟಿಗೂ ಹಲಗೆಗೂ ನಡುವೆ ದೊಡ್ಡ ಕಂದರ. ರಾತ್ರಿಯಿಡೀ ಕಾಲು ಅಲ್ಲಿ ಜೋತುಬಿದ್ದಿರುತ್ತೆ.

ತಲೆ: ಒರಗಿದಾಗ ಕಣ್ಣು ಸೂರು ನೋಡಬೇಕು, ನಿಮ್ಮ ಹೊಟ್ಟೆಯನ್ನಲ್ಲ.

ಮೆತ್ತೆ: ಮುಷ್ಟಿಯಿಂದ ಒತ್ತಿ ನೋಡಿ. ಒಳಗಿನ ಹಲಗೆ ಕೈಗೆ ಸಿಕ್ಕಿದ್ರೆ ಬೇಡ. ಕೂತ ಕೂಡ್ಲೆ 'ಆಹಾ' ಅನ್ನಿಸೋ ಮೆತ್ತನೆಯದು ರಾತ್ರಿ ಎರಡು ಗಂಟೆಗೆ 'ಅಯ್ಯೋ' ಅನ್ನಿಸುತ್ತೆ.

ಹೊದಿಕೆ: ಚರ್ಮದ ಹಾಗೆ ಕಾಣೋ ರೆಕ್ಸಿನ್ ಒರೆಸೋಕೆ ಸುಲಭ, ಆದ್ರೆ ಬೆವರುತ್ತೆ, ಕೆಲವು ವರ್ಷಕ್ಕೆ ಸುಲಿಯುತ್ತೆ. ಮಲಗೋಕಾದ್ರೆ ಬಟ್ಟೆಯ ಹೊದಿಕೆಯೇ ವಾಸಿ. ಕರಾವಳಿಯ ಸೆಕೆಯಲ್ಲಂತೂ ಕೇಳೋದೇ ಬೇಡ.

ಜಾಗ: ಒರಗು ಹಿಂದಕ್ಕೆ ಹೋಗುವಾಗ ಗೋಡೆಗೆ ತಾಗುತ್ತಾ? ಸೀಟೇ ಮುಂದಕ್ಕೆ ಜಾರೋ ನಮೂನೆ ಸಿಗುತ್ತೆ, ಸಣ್ಣ ಮನೆಗೆ ಅದು ಅನುಕೂಲ. ಮನೆ ಬಾಗಿಲು, ಲಿಫ್ಟು ಎರಡನ್ನೂ ಟೇಪ್ ಹಿಡಿದು ಅಳೀರಿ. ಒರಗು ಬಿಚ್ಚುತ್ತಾ ಅಂತ ಕೇಳಿ.

ಇನ್ನು ದೊಡ್ಡ ಪ್ರಶ್ನೆ: ಕೈಯಲ್ಲಿ ಎಳೆಯೋದಾ, ಮೋಟಾರಿನದ್ದಾ? ಹಿಡಿ ಎಳೆಯೋದು ಅಗ್ಗ, ರಿಪೇರಿ ಕಮ್ಮಿ. ಆದ್ರೆ ಮುಚ್ಚುವಾಗ ಹಿಮ್ಮಡಿಯಿಂದ ಹಲಗೆಯನ್ನ ಜೋರಾಗಿ ಒತ್ತಬೇಕು. ನನ್ನಂಥ ಕಾಲುನೋವಿನವನಿಗೆ ಆ ಒಂದು ಒತ್ತು ಸಾಕು, ಪ್ರಾಣ ಬಾಯಿಗೆ ಬರೋಕೆ. ಮೋಟಾರಿನದ್ದು ನಿಧಾನವಾಗಿ ಏರಿಳಿಯುತ್ತೆ, ಬೇಕಾದ ಕೋನದಲ್ಲಿ ನಿಲ್ಲುತ್ತೆ. ಎರಡು ಮೋಟಾರ್ ಇದ್ರೆ ಬೆನ್ನು ಬೇರೆ, ಕಾಲು ಬೇರೆ ಹೊಂದಿಸಬಹುದು, ಬೆಲೆಯೂ ಬೇರೆ. 'ಝೀರೋ ಗ್ರಾವಿಟಿ' ಅಂತ ಒಂದು ಬಟನ್ ಇರುತ್ತೆ. 1970ರ ದಶಕದಲ್ಲಿ ಸ್ಕೈಲ್ಯಾಬ್‌ನಲ್ಲಿದ್ದ ಗಗನಯಾತ್ರಿಗಳ ಮೈ ತೂಕವಿಲ್ಲದಾಗ ತಾನಾಗಿ ಯಾವ ಭಂಗಿಗೆ ಬರ್ತಿತ್ತು ಅಂತ ನಾಸಾ ಗಮನಿಸಿತ್ತು. ಸೊಂಟ, ಮೊಣಕಾಲು ಎರಡೂ ಅರ್ಧ ಮಡಿಸಿದ ಭಂಗಿ ಅದು. ಆ ಹೆಸರು ಬಂದಿದ್ದು ಅಲ್ಲಿಂದ. ಕುರ್ಚಿಯಲ್ಲಿ ಗುರುತ್ವಾಕರ್ಷಣೆ ಏನೂ ಕಮ್ಮಿಯಾಗಲ್ಲ, ಇಎಂಐ ಕೂಡ.

ಅಂಗಡಿಯಲ್ಲಿ ಐದು ನಿಮಿಷ ಕೂತು ತೀರ್ಮಾನ ಮಾಡ್ಬೇಡಿ. ನಾನು ಸೇಲ್ಸ್‌ನ ಹುಡುಗನಿಗೆ ಮೊದಲೇ ಹೇಳಿದೆ, "ನೋಡಪ್ಪಾ, ನಾನಿಲ್ಲಿ ನಿದ್ದೆ ಮಾಡೋಕೆ ಬಂದಿದೀನಿ." ಮೂರು ಕುರ್ಚಿಯಲ್ಲಿ ತಲಾ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಮಲಗಿದೆ. ಮೂರನೆಯದರಲ್ಲಿ ನಿಜವಾಗಲೂ ನಿದ್ದೆ ಬಂತು. ಬೂದು ಬಣ್ಣದ ಬಟ್ಟೆ, ಒಂದು ಮೋಟಾರು, ಮೂವತ್ತೊಂದೂವರೆ ಸಾವಿರ. ಕೈಯಲ್ಲಿ ಅಷ್ಟು ದುಡ್ಡಿಲ್ಲ, ಅಥವಾ ಆಗಿಬರುತ್ತೋ ಇಲ್ಲವೋ ಅನುಮಾನ ಅನ್ನೋರು ಒಂದು ತಿಂಗಳಿಗೆ ಬಾಡಿಗೆಗೆ ತಗೊಂಡು ನೋಡಬಹುದು. ಬೆಂಗಳೂರಿನಂಥ ಊರಲ್ಲಿ ಆ ಸೌಕರ್ಯ ಇದೆ. ನನಗೆ ಅದು ಹೊಳೆದಿದ್ದು ದುಡ್ಡು ಕಟ್ಟಿದ ಮೇಲೆ.

ಕರೆಂಟ್ ಹೋದ ರಾತ್ರಿ

ಮೊದಲ ರಾತ್ರಿ ನಾಲ್ಕೂವರೆ ಗಂಟೆ ಒಂದೇ ಸಮ ನಿದ್ದೆ. ಬೆಳಿಗ್ಗೆ ಹೆಂಡತಿ ಬಂದು ಮೂಗಿನ ಹತ್ರ ಬೆರಳಿಟ್ಟು ಉಸಿರಿದೆಯಾ ಅಂತ ನೋಡಿದ್ಲಂತೆ.

ಆರನೇ ರಾತ್ರಿ ಮಳೆ, ಕರೆಂಟ್ ಹೋಯ್ತು. ನಮ್ಮ ಯುಪಿಎಸ್‌ನ ಲೈನು ಲೈಟು–ಫ್ಯಾನಿಗೆ ಮಾತ್ರ. ನಾನು ಪೂರ್ತಿ ಒರಗಿದ ಸ್ಥಿತಿಯಲ್ಲಿ, ಕಾಲು ಮೇಲೆ, ಬಟನ್ ಒತ್ತಿದ್ರೆ ಸದ್ದಿಲ್ಲ. ಅರ್ಜೆಂಟು ಬೇರೆ. ಆಮೆ ಅಂಗಾತ ಬಿದ್ದ ಹಾಗೆ ಒದ್ದಾಡಿ, ಕೊನೆಗೆ ಪಕ್ಕಕ್ಕೆ ಹೊರಳಿ, ತೋಳು ದಾಟಿ, ನೆಲಕ್ಕಿಳಿದೆ. ಮಾರನೇ ದಿನವೇ ಎಲೆಕ್ಟ್ರೀಷಿಯನ್ ಕರೆಸಿ ಆ ಪ್ಲಗ್ಗನ್ನ ಯುಪಿಎಸ್ ಲೈನಿಗೆ ಹಾಕಿಸಿದೆ. ಮೋಟಾರಿನದ್ದು ಕೊಳ್ಳೋರು ಇದನ್ನ ಮೊದಲೇ ಯೋಚಿಸಿ, ಇಲ್ಲಾ ಬ್ಯಾಟರಿ ಬ್ಯಾಕಪ್ ಇರೋದನ್ನೇ ಕೇಳಿ. ಅಪ್ಪನ ಮೂರು ಕಚ್ಚಿನ ಕುರ್ಚಿಗೆ ಈ ತಾಪತ್ರಯವೇ ಇರಲಿಲ್ಲ.

ಕುರ್ಚಿಯಲ್ಲಿ ಮಲಗೋದಕ್ಕೂ ಕೆಲವು ರೀತಿ ಇವೆ. ರಾತ್ರಿ ಎಚ್ಚರ ಆದಾಗೆಲ್ಲ ಪಾದವನ್ನ ಹತ್ತು ಸಲ ಮೇಲೆ ಕೆಳಗೆ ಆಡಿಸಬೇಕು, ರಕ್ತ ಓಡಾಡೋಕೆ. ಏಳುವಾಗ ಒರಗು ಪೂರ್ತಿ ಮೇಲೆ, ಕಾಲಿನ ಹಲಗೆ ಪೂರ್ತಿ ಕೆಳಗೆ ಬಂದ ಮೇಲೆಯೇ ಏಳಬೇಕು. ಹಗಲಲ್ಲಿ ಅದರಲ್ಲೇ ಠಿಕಾಣಿ ಹೂಡಿದ್ರೆ ಕೆಟ್ಟಿರಿ. ಮೊಣಕಾಲು, ಸೊಂಟ ಸದಾ ಮಡಿಸಿಯೇ ಇದ್ರೆ ಆ ಗಿಡ್ಡ ಸ್ನಾಯು ಇನ್ನೂ ಗಿಡ್ಡ ಆಗುತ್ತೆ. ನಾನು ದಿನಕ್ಕೆ ಮೂರು ಸಲ ಹದಿನೈದು ನಿಮಿಷ ನಡೆದೆ, ಮೇಡಂ ಹೇಳಿದ ವ್ಯಾಯಾಮ ಬಿಡದೆ ಮಾಡಿದೆ. ಐದನೇ ವಾರದಿಂದ ಅರ್ಧ ರಾತ್ರಿ ಕುರ್ಚಿ, ಅರ್ಧ ರಾತ್ರಿ ಹಾಸಿಗೆ, ಮೊಣಕಾಲ ಕೆಳಗೆ ಎರಡು ದಿಂಬು. ಒಂಬತ್ತನೇ ವಾರಕ್ಕೆ ಪೂರ್ತಿ ಹಾಸಿಗೆಗೆ ಮರಳಿದೆ.

ಪುಟ್ಟಿ ವಿಷಯಕ್ಕೆ ಬರ್ತೀನಿ. ಅಪ್ಪ ಮಾಡಿದ ತಪ್ಪನ್ನ ನಾನು ಮಾಡಬಾರದು ಅನ್ನಿಸಿತು. ಅವಳನ್ನ ಕರೆದು ಹೇಳಿದೆ: "ಅಪ್ಪಂಗೆ ಇಲ್ಲಿ ಅಬ್ಬು ಆಗಿದೆ. ಅದಕ್ಕೇ ಎತ್ಕೊಳ್ಳೋಕೆ ಆಗ್ತಿಲ್ಲ. ನೀನು ಮೇಲೆ ಬಾ." ಕುರ್ಚಿ ಒರಗಿಸಿದೆ. ಅವಳೇ ಹತ್ತಿ ಪಕ್ಕದಲ್ಲಿ ಕೂತು, ನನ್ನ ಸೊಂಟಕ್ಕೆ ತನ್ನ ಬಣ್ಣದ ಸ್ಟಿಕ್ಕರ್ ಒಂದನ್ನ ಅಂಟಿಸಿದ್ಲು. ರಿಮೋಟ್ ಅವಳ ಕೈಗೆ ಹೋಯ್ತು. ಅವತ್ತಿನಿಂದ ಮತ್ತೆ ಬಾಗಿಲಿಗೆ ಓಡಿ ಬರೋಕೆ ಶುರು. ಮೂರು ಮಾತಿನಲ್ಲಿ ಮುಗಿಯೋ ವಿಷಯ. ಹೇಳದೇ ಇದ್ದಿದ್ರೆ ಅವಳು ಏನೇನು ತೀರ್ಮಾನ ಮಾಡ್ಕೋತಿದ್ಲೋ.

ಯುಗಾದಿಗೆ ಊರಿಗೆ

ಯುಗಾದಿಗೆ ಊರಿಗೆ ಹೊರಡೋ ಮುಂಚೆ ಅಮ್ಮನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದೆ: "ಈ ಸಲ ಕುರ್ಚಿ ಅಟ್ಟಕ್ಕೆ ಹಾಕಿಸ್ಬೇಡ."

ಹೋದಾಗ ಅದು ಜಗಲಿಯಲ್ಲೇ ಇತ್ತು. ಮಾಸಿದ ಪಟ್ಟೆ, ಮಧ್ಯ ಬಟ್ಟೆ ತೆಳ್ಳಗಾಗಿ ಆಚೆ ಬೆಳಕು ಕಾಣ್ತಿತ್ತು. ಅಪ್ಪ ಪಕ್ಕದಲ್ಲಿ ನಿಂತಿದ್ರು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ.

"ನಿಮಗೂ ಒಂದು ರಿಕ್ಲೈನರ್ ಕೊಡಿಸ್ತೀನಿ ಅಪ್ಪಾ, ಮೋಟಾರಿಂದು" ಅಂದೆ.

"ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟ್ ಇರುತ್ತನಾ? ಮೇಲೆ ಹೋದವನು ಮೇಲೇ ಉಳೀಬೇಕಾಗುತ್ತೆ" ಅಂದ್ರು. ನನ್ನ ಆಮೆ ಕಥೆ ಹೇಳಿದೆ. ಅಪ್ಪ ಕೆಮ್ಮು ಬರೋವರೆಗೂ ನಕ್ಕರು. ನನ್ನ ಎದುರು ಹಾಗೆ ನಕ್ಕಿದ್ದು ನಾನು ನೋಡಿದ್ದು ಕಮ್ಮಿ.

ಮಾರನೇ ದಿನ ಒತ್ತಾಯ ಮಾಡಿ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಅಪ್ಪಂದು ನನ್ನ ಥರದ್ದಲ್ಲ. ವರ್ಷಗಟ್ಟಲೆ ಸವೆದು ಬೆನ್ನುಮೂಳೆಯ ಒಳಗೆ ನರ ಹೋಗೋ ದಾರಿಯೇ ಕಿರಿದಾಗಿದೆ ಅಂದ್ರು. ಇಂಥವರಿಗೆ ನೆಟ್ಟಗೆ ನಿಂತ್ರೆ, ನಡೆದ್ರೆ, ಮೈ ಚಾಚಿ ಮಲಗಿದ್ರೆ ನೋವು. ಸೊಂಟ ಸ್ವಲ್ಪ ಮಡಿಸಿ ಒರಗಿದ್ರೆ ಆ ದಾರಿ ತುಸು ತೆರೆದುಕೊಂಡು ಹಿತ. ವರ್ಷಾನುವರ್ಷ ಗುಂಡಿ ರಸ್ತೆಯಲ್ಲಿ ಕುಲುಕೋ ಸೀಟಿನ ಮೇಲೆ ಕೂತು ದುಡಿಯೋರ ಬೆನ್ನು ಬೇಗ ಕೆಡುತ್ತೆ ಅಂತಲೂ ಹೇಳಿದ್ರು. "ಆರಾಮ ಕುರ್ಚೀಲಿ ಮಲಗ್ತಿದ್ರಾ? ಅದೇ ಇಷ್ಟು ವರ್ಷ ಇವರನ್ನ ನಡೆಸಿದೆ" ಅಂದ್ರು. ಅಪ್ಪ ನನ್ನ ಮುಖ ನೋಡಲಿಲ್ಲ. ನಾನೂ ಅವರ ಮುಖ ನೋಡಲಿಲ್ಲ. ಮಾತ್ರೆ, ವ್ಯಾಯಾಮ ಬರೆಸಿಕೊಂಡು ಗಾಂಧಿ ಬಜಾರಿಗೆ ಹೋಗಿ ದಪ್ಪ ಕ್ಯಾನ್ವಾಸ್ ತಗೊಂಡ್ವಿ. ನೀಲಿ–ಬಿಳಿ ಪಟ್ಟೆ ಸಿಗಲಿಲ್ಲ, ಹಸಿರು ಸಿಕ್ಕಿತು.

ಸಂಜೆ ಅಮ್ಮ ಎರಡೂ ತುದಿ ಮಡಿಸಿ ಹೊಲಿದು ಕೊಟ್ಟಳು. ನಾನು ಕೋಲು ತೂರಿಸಿದೆ. ಅಪ್ಪ ಕೂತು ನೋಡಿ, "ಬಟ್ಟೆ ಸ್ವಲ್ಪ ಬಿಗಿ ಇದೆ, ಎರಡು ದಿನಕ್ಕೆ ಸರಿಹೋಗುತ್ತೆ" ಅಂದ್ರು. ಆಮೇಲೆ ಎದ್ದು, "ನೀನು ಕೂರು" ಅಂದ್ರು. ಬಾಲ್ಯದಲ್ಲಿ ಆ ಕುರ್ಚಿ ಮುಟ್ಟೋಕೆ ನಮಗೆ ಧೈರ್ಯ ಇರಲಿಲ್ಲ. ಕೂತೆ. ಮೊದಲ ಕಚ್ಚಿನಲ್ಲಿತ್ತು, ಬೆನ್ನು ಒಂಚೂರು ಹಿಡಿಯಿತು. ನಾನೇನೂ ಹೇಳಿರಲಿಲ್ಲ, ಅಪ್ಪ ಹಿಂದೆ ಬಂದು ಕೋಲು ತೆಗೆದು ಮೂರನೇ ಕಚ್ಚಿಗೆ ಹಾಕಿದ್ರು. ಕಾಲ ಕೆಳಗೆ ಮಣೆ ತಂದಿಟ್ರು.

"ಡಿಸ್ಕ್ ನೋವಿಗೆ ಇದೇ ಸರಿ" ಅಂದ್ರು. "ಮೊದಲನೇದು ಪೇಪರ್ ಓದೋಕೆ. ಎರಡನೇದು ಊಟಕ್ಕೆ."

ಪುಟ್ಟಿ ಅಂಗಳದಿಂದ ಓಡಿ ಬಂದು ಕುರ್ಚಿಯ ಸುತ್ತ ಒಂದು ಸುತ್ತು ಹಾಕಿದ್ಲು. ಆಮೇಲೆ ಅಜ್ಜನ ಪಂಚೆ ಹಿಡಿದು ಕೇಳಿದ್ಲು, "ಅಜ್ಜಾ, ಇದರ ರಿಮೋಟ್ ಎಲ್ಲಿ?"